ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿದೆಯೆ?

ಪೀಣ್ಯ ಎರಡನೇ ಹಂತದ ನನ್ನ ಕ್ಲಿನಿಕ್ಕಿಗೆ ಸಂಜೆ ಶಿಫ್ಟು ಬಿಟ್ಟ ಮೇಲೆ ಬರುವವರಲ್ಲಿ ಜ್ವರ, ಕೆಮ್ಮು, ಸೊಂಟನೋವಿನವರೇ ಹೆಚ್ಚು. ಶಿವರಾತ್ರಿ ಕಳೆದು ಬಿಸಿಲೇರಿತೆಂದರೆ ಅವರ ನಡುವೆ ಕಣ್ಣು ಉಜ್ಜಿಕೊಳ್ಳುತ್ತಲೇ ಒಳಗೆ ಬರುವ ಹುಡುಗರೂ ಸೇರಿಕೊಳ್ಳುತ್ತಾರೆ. ಅಂಥವರಲ್ಲಿ ಒಬ್ಬ ಹತ್ತೊಂಬತ್ತರ ಹುಡುಗ. ತುಮಕೂರು ಕಡೆಯವನು. ಐಟಿಐ ಮುಗಿಸಿ ಸಣ್ಣ ವರ್ಕ್‌ಶಾಪೊಂದರಲ್ಲಿ ಟರ್ನರ್ ಕೆಲಸಕ್ಕೆ ಸೇರಿದ್ದ. ಗುರುತು ಸಿಗದಿರಲೆಂದು ವಿವರಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ. ಸತತ ಎರಡು ಬೇಸಿಗೆ ಆತ ನನ್ನ ಹತ್ತಿರ ಬಂದಿದ್ದ. ಎರಡು ಸಲವೂ ಅಲರ್ಜಿ ಎಂದು ತುರಿಕೆಗೆ ಹನಿ ಔಷಧಿ ಬರೆದುಕೊಟ್ಟು ಕಳಿಸಿದ್ದೆ. ಮೂರನೇ ಬೇಸಿಗೆಯಲ್ಲಿ ಜೊತೆಗೆ ಅವನ ತಾಯಿಯೂ ಬಂದರು.

"ಡಾಕ್ಟ್ರೇ, ಇವನಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ. ಒಂದು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದಾಯ್ತು. ಆದ್ರೂ ಸರಿಯಾಗಿ ಕಾಣಲ್ಲ ಅಂತಾನೆ. ಮೊಬೈಲು ನೋಡೋದು ಬಿಡಲ್ಲ, ಕಣ್ಣುಜ್ಜೋದು ಬಿಡಲ್ಲ."

ಆಕೆ ಚೀಲದಿಂದ ಮೂರು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಬಲಗಣ್ಣಿನ ಸಿಲಿಂಡರ್ ನಂಬರು ಮೊದಲ ಚೀಟಿಯಲ್ಲಿ ಒಂದೂವರೆ, ಎರಡನೆಯದರಲ್ಲಿ ಎರಡೂ ಮುಕ್ಕಾಲು, ಮೂರನೆಯದರಲ್ಲಿ ನಾಲ್ಕೂ ಕಾಲು. ಎಡಗಣ್ಣಿನದು ಅಷ್ಟಾಗಿ ಬದಲಾಗಿರಲಿಲ್ಲ. ಮೂರೂ ಚೀಟಿಗಳು ಮೂರು ಬೇರೆ ಬೇರೆ ಕನ್ನಡಕದ ಅಂಗಡಿಗಳವು. ಹಾಗಾಗಿ ಅವನ್ನು ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಎರಡು ವರ್ಷವೂ ಅವನ ಕನ್ನಡಕದ ವಿಚಾರವನ್ನು ನಾನು ಕೇಳಿಯೇ ಇರಲಿಲ್ಲ. ಆ ತಪ್ಪು ನನ್ನದು. ಆ ದಿನ ಕೇಳಿದ್ದರಿಂದ ಗೊತ್ತಾದ ಕಾಯಿಲೆಯ ಹೆಸರು ಕೆರಟೋಕೋನಸ್.

ಏನಿದು ಕಾಯಿಲೆ?

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಪಾರದರ್ಶಕವಾದ ಒಂದು ಪಟಲ ಕೂತಿರುತ್ತದೆ. ಇದೇ ಕಾರ್ನಿಯಾ. ವಯಸ್ಸಾದವರಿಗೆ ಬರುವ ಪೊರೆಗೂ ಇದಕ್ಕೂ ಸಂಬಂಧವಿಲ್ಲ. ಪೊರೆ ಬರುವುದು ಕಣ್ಣಿನ ಒಳಗಿರುವ ಮಸೂರಕ್ಕೆ. ಕಾರ್ನಿಯಾ ಇರುವುದು ಎಲ್ಲಕ್ಕಿಂತ ಮುಂದೆ. ಬೆಳಕನ್ನು ಬಾಗಿಸಿ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಮೂಡಿಸುವ ಕೆಲಸದಲ್ಲಿ ದೊಡ್ಡ ಪಾಲು ಇದರದ್ದೇ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ ಎಂದರೆ ಅದರಲ್ಲಿ 43ರಷ್ಟು ಕಾರ್ನಿಯಾದಿಂದ ಬರುತ್ತದೆ. ಹೀಗಾಗಿ ಅದರ ಆಕಾರ ಸ್ವಲ್ಪ ಕೆಟ್ಟರೂ ನೋಟ ಬಹಳ ಕೆಡುತ್ತದೆ.

ಕಾರ್ನಿಯಾ ಗಟ್ಟಿಯಾಗಿ ನಿಂತಿರುವುದು ಕೊಲ್ಯಾಜೆನ್ ಎಂಬ ಸೂಕ್ಷ್ಮ ನಾರುಗಳ ಹೆಣಿಗೆಯಿಂದ. ಕೆರಟೋಕೋನಸ್‌ನಲ್ಲಿ ಈ ಹೆಣಿಗೆ ಒಂದು ಜಾಗದಲ್ಲಿ ಸಡಿಲವಾಗುತ್ತದೆ. ಸಾಮಾನ್ಯವಾಗಿ ನಡುವಿಗಿಂತ ತುಸು ಕೆಳಗೆ. ಸೈಕಲ್ ಟ್ಯೂಬು ಒಂದು ಕಡೆ ಸವೆದಿದ್ದರೆ ಗಾಳಿ ಹಾಕಿದಾಗ ಆ ಜಾಗ ಉಬ್ಬುತ್ತದಲ್ಲ, ಹಾಗೆಯೇ ಕಣ್ಣಿನ ಒಳಗಿನ ಸಹಜ ಒತ್ತಡಕ್ಕೇ ಆ ಜಾಗ ಮುಂದಕ್ಕೆ ಉಬ್ಬಿ, ತೆಳುವಾಗಿ, ಶಂಕುವಿನ ಆಕಾರ ತಾಳುತ್ತದೆ. ಗ್ರೀಕ್ ಭಾಷೆಯ ಕೊಂಬು ಮತ್ತು ಶಂಕು ಎಂಬ ಎರಡು ಪದಗಳು ಸೇರಿ ಈ ಹೆಸರು ಬಂದಿದೆ. ಇಂಗ್ಲೆಂಡಿನ ಲಿವರ್‌ಪೂಲ್‌ನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲೇ ಇದನ್ನು ವಿವರವಾಗಿ ಬರೆದಿದ್ದ. ಹಳೆಯ ಕಾಯಿಲೆ. ಆದರೆ ಮೊದಲ ಹಂತದಲ್ಲೇ ಇದನ್ನು ಕಂಡುಹಿಡಿಯುವ ಯಂತ್ರಗಳು ಬಂದದ್ದು ಈಚೆಗೆ.

ಸಾಮಾನ್ಯವಾಗಿ ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೂವತ್ತು, ಮೂವತ್ತೈದು ದಾಟುವವರೆಗೆ ಮುಂದುವರಿಯುವ ಸಂಭವವಿದೆ. ಆಮೇಲೆ ಬಹುಪಾಲು ಜನರಲ್ಲಿ ತಾನಾಗಿಯೇ ನಿಧಾನವಾಗುತ್ತದೆ. ಎರಡೂ ಕಣ್ಣಿಗೆ ಬರುವ ಕಾಯಿಲೆಯಾದರೂ ಒಂದು ಕಣ್ಣು ಮುಂದೆ, ಇನ್ನೊಂದು ಹಿಂದೆ. ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ. ಚೆನ್ನಾಗಿರುವ ಕಣ್ಣು ಕೆಟ್ಟಿರುವ ಕಣ್ಣಿನ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಕೆಲಸಕ್ಕೆ ಸೇರುವಾಗಿನ ತಪಾಸಣೆಗಳಲ್ಲಿ ಎರಡೂ ಕಣ್ಣು ತೆರೆದೇ ಅಕ್ಷರ ಓದಿಸಿ ಬಿಟ್ಟುಬಿಡುವುದನ್ನು ನಾನು ನೋಡಿದ್ದೇನೆ. ಹಾಗೆ ಓದಿಸಿದರೆ ಈ ಕಾಯಿಲೆ ಸಿಕ್ಕುವುದಿಲ್ಲ.

ಎಷ್ಟು ಜನಕ್ಕೆ ಬರುತ್ತದೆ? ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಲೆಕ್ಕದಂತೆ ಸುಮಾರು ಎರಡು ಸಾವಿರಕ್ಕೆ ಒಬ್ಬರಿಗೆ. ಹಾಲೆಂಡಿನಲ್ಲಿ 2017ರಲ್ಲಿ ಬಂದ ಲೆಕ್ಕ 375ಕ್ಕೆ ಒಬ್ಬರು ಎಂದಿತು. ನಮ್ಮ ದೇಶದಲ್ಲಿ ನಾಗಪುರದ ಸುತ್ತಲಿನ ಹಳ್ಳಿಗಳಲ್ಲಿ 30 ವರ್ಷ ದಾಟಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 2.3 ಎಂದು ಬಂತು. ಅದು ಕಾರ್ನಿಯಾದ ಬಾಗನ್ನಷ್ಟೇ ಅಳೆದು ಹಾಕಿದ ಲೆಕ್ಕ, ಪೂರ್ತಿ ನಕ್ಷೆ ತೆಗೆದು ಹಾಕಿದ್ದಲ್ಲ. ಆದ್ದರಿಂದ ಆ ಅಂಕಿಯನ್ನು ನಾನು ಹಾಗೇ ಒಪ್ಪುವುದಿಲ್ಲ. ಆದರೂ ನಮ್ಮಲ್ಲಿ ಇದು ಅಪರೂಪದ ಕಾಯಿಲೆ ಎಂದು ಕೈಬಿಡುವಂತಿಲ್ಲ.

ಕಣ್ಣುಜ್ಜುವುದಕ್ಕೂ ಇದಕ್ಕೂ ಏನು ಸಂಬಂಧ?

ಬಹಳ ಸಂಬಂಧವಿದೆ. ಕಣ್ಣುಜ್ಜುವವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ. ಆದರೆ ಬಂದವರನ್ನು ಕೇಳಿದರೆ ಬಹಳಷ್ಟು ಮಂದಿ ಉಜ್ಜುವ ಅಭ್ಯಾಸದವರೇ ಆಗಿರುತ್ತಾರೆ. ಹುಟ್ಟಿನಿಂದಲೇ ದುರ್ಬಲವಾದ ಕಾರ್ನಿಯಾ ಇರುವವರಿಗೆ ಈ ಉಜ್ಜುವಿಕೆ ದೊಡ್ಡ ಪೆಟ್ಟು. ಅಂಗೈ ಬುಡದಿಂದ, ಬೆರಳಿನ ಗೆಣ್ಣಿನಿಂದ ಒತ್ತಿ ತಿರುವುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಹುಡುಗನನ್ನು ಕೇಳಿದಾಗ ಬಲಗೈ ಮುಷ್ಟಿ ಮಾಡಿ ಬಲಗಣ್ಣನ್ನು ಹೇಗೆ ಉಜ್ಜುತ್ತೇನೆಂದು ತೋರಿಸಿದ. ಹೆಚ್ಚು ಕೆಟ್ಟಿದ್ದದ್ದೂ ಬಲಗಣ್ಣೇ.

ಬೆಂಗಳೂರಿನಲ್ಲಿ ಅಲರ್ಜಿಗೆ ಕೊರತೆಯಿಲ್ಲ. ಖಾಲಿ ನಿವೇಶನಗಳಲ್ಲೆಲ್ಲ ಬೆಳೆಯುವ ಪಾರ್ಥೇನಿಯಂ, ರಸ್ತೆ ದೂಳು, ಕಟ್ಟಡ ಕೆಲಸದ ದೂಳು, ಪೀಣ್ಯದಲ್ಲಾದರೆ ಗ್ರೈಂಡಿಂಗ್ ಪುಡಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಎಸಿ ಕೋಣೆಯಲ್ಲಿ ಗಂಟೆಗಟ್ಟಲೆ ಪರದೆ ನೋಡಿ ಕಣ್ಣು ಒಣಗುವುದು ಬೇರೆ. ದೂಳಾಗಲಿ ಕಂಪ್ಯೂಟರಾಗಲಿ ಕಾರ್ನಿಯಾವನ್ನು ನೇರವಾಗಿ ಉಬ್ಬಿಸುವುದಿಲ್ಲ. ಇವುಗಳಿಂದ ಕಣ್ಣು ಕಡಿಯುತ್ತದೆ, ಕಡಿದರೆ ಕೈ ಹೋಗುತ್ತದೆ. ಆದ್ದರಿಂದ ಮೊಬೈಲಿನ ಮೇಲೆ ತಾಯಂದಿರು ಹೊರಿಸುವ ಆಪಾದನೆಯನ್ನು ಈ ಕಾಯಿಲೆಯ ಮಟ್ಟಿಗೆ ವಾಪಸು ಪಡೆಯಬಹುದು.

ಅಣ್ಣತಮ್ಮಂದಿರಲ್ಲಿ, ತಂದೆತಾಯಿಯಲ್ಲಿ ಯಾರಿಗಾದರೂ ಇದ್ದರೆ ಸಂಭವ ಹೆಚ್ಚು. ಸಂಬಂಧದಲ್ಲೇ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು ಕಾಣುತ್ತದೆಂದು ಹೊರದೇಶಗಳ ಕೆಲವು ಅಧ್ಯಯನಗಳು ಸೂಚಿಸಿವೆ. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿಯಿರುವ ನಮ್ಮ ಕಡೆಯವರು ಇದನ್ನು ನೆನಪಿಟ್ಟುಕೊಳ್ಳಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ, ಆಸ್ತಮಾ ಮತ್ತು ಚರ್ಮದ ಅಲರ್ಜಿ ಇರುವವರಲ್ಲೂ ಹೆಚ್ಚು.

ಇಲ್ಲೇ ಇನ್ನೊಂದು ಮಾತು. ತುರಿಕೆಗೆಂದು ಮೆಡಿಕಲ್ ಶಾಪಿನಿಂದ ಹನಿ ಔಷಧಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಹಾಕಿದ ತಕ್ಷಣ ಹಿತವೆನಿಸುವ ಇಂಥ ಹನಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ವೈದ್ಯರ ನಿಗಾ ಇಲ್ಲದೆ ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಎಳೆಯ ವಯಸ್ಸಿಗೇ ಪೊರೆ ಬರಬಹುದು. ಸಾಲದ್ದಕ್ಕೆ, ತೆಳುವಾದ ಕಾರ್ನಿಯಾದ ಮೇಲೆ ಒತ್ತಡ ಅಳೆದರೆ ಯಂತ್ರ ಇರುವುದಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆಯಿದೆ. ನಿಮ್ಮ ಮನೆಯಲ್ಲಿ ಅಂಥ ಸೀಸೆಯಿದ್ದರೆ ಕಣ್ಣಿನ ವೈದ್ಯರ ಬಳಿ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ.

ಮನೆಯವರು ಗಮನಿಸಬೇಕಾದದ್ದು

ಹದಿನೈದರಿಂದ ಮೂವತ್ತರೊಳಗಿನವರ ಕನ್ನಡಕದ ನಂಬರು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಚೀಟಿಗಳನ್ನು ಹುಡುಕಿ ತೆಗೆಯಿರಿ. ಪ್ರತಿ ಕಣ್ಣಿನ ಎದುರು ಮೂರು ಅಂಕಣಗಳಿರುತ್ತವೆ. ಮೊದಲನೆಯದು ಸಾಮಾನ್ಯ ಸಮೀಪದೃಷ್ಟಿ ಅಥವಾ ದೂರದೃಷ್ಟಿಯ ನಂಬರು. ಬೆಳೆಯುವ ಮಕ್ಕಳಲ್ಲಿ ಇದು ಏರುವುದು ಮಾಮೂಲು. ಎರಡನೆಯದು ಸಿಲಿಂಡರ್, ಮೂರನೆಯದು ಅದರ ಕೋನ. ಎರಡನೆಯದು ಒಂದೇ ಸಮನೆ ಏರುತ್ತಿದ್ದರೆ, ಮೂರನೆಯದು ಅತ್ತಿತ್ತ ಹೊರಳುತ್ತಿದ್ದರೆ, ಒಂದು ಕಣ್ಣಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿದ್ದರೆ, ಹೊಸ ಕನ್ನಡಕ ಹಾಕಿದರೂ ಕೊನೆಯ ಸಾಲುಗಳು ಓದಲು ಬಾರದಿದ್ದರೆ ಕಾರ್ನಿಯಾ ನೋಡಿಸಬೇಕು.

ರಾತ್ರಿ ಒಂದು ಕಣ್ಣು ಮುಚ್ಚಿಸಿ ದೂರದ ಬೀದಿದೀಪವನ್ನು ನೋಡಿಸಿ. ದೀಪದ ಸುತ್ತ ಬಾಲ ಬಂದಂತೆ, ನೆರಳು ನೆರಳಾಗಿ ಎರಡು ಮೂರು ದೀಪಗಳಿದ್ದಂತೆ ಕಂಡರೆ ಅದೂ ಒಂದು ಸುಳಿವು. ಎರಡೂ ಕಣ್ಣು ತೆರೆದಾಗ ಮಾತ್ರ ಎರಡೆರಡು ಕಂಡರೆ ಅದು ಬೇರೆ ತೊಂದರೆ. ಒಂದೇ ಕಣ್ಣಿನಲ್ಲಿ ಎರಡು ಕಾಣುವುದು ಆ ಕಣ್ಣಿನದೇ ದೋಷ.

ನನ್ನಂಥ ಸಾಮಾನ್ಯ ವೈದ್ಯನ ಬಳಿ ದೊಡ್ಡ ಉಪಕರಣಗಳಿರುವುದಿಲ್ಲ. ಗೋಡೆಯ ಮೇಲೆ ಅಕ್ಷರದ ಪಟ್ಟಿಯಿದೆ, ಒಂದು ರಟ್ಟಿನ ತುಂಡಿಗೆ ಸೂಜಿಯಿಂದ ತೂತು ಮಾಡಿಟ್ಟುಕೊಂಡಿದ್ದೇನೆ. ಕನ್ನಡಕ ಹಾಕಿಕೊಂಡು ಆ ಹುಡುಗ ಬಲಗಣ್ಣಿನಿಂದ ಮೂರನೇ ಸಾಲಿನಲ್ಲಿ ನಿಂತ. ಅದೇ ಕನ್ನಡಕದ ಮುಂದೆ ರಟ್ಟಿನ ತೂತು ಹಿಡಿದರೆ ಇನ್ನೂ ಮೂರು ಸಾಲು ಓದಿದ. ಸಣ್ಣ ತೂತು ಬೆಳಕಿನ ಒಂದು ಎಳೆಯನ್ನಷ್ಟೇ ಒಳಗೆ ಬಿಡುವುದರಿಂದ ಕಾರ್ನಿಯಾದ ಏರುಪೇರು ಆಗ ಅಷ್ಟು ತೊಂದರೆ ಕೊಡುವುದಿಲ್ಲ. ಹೀಗೆ ಓದಿದರೆ ಒಂದೋ ಕನ್ನಡಕದ ನಂಬರು ತಪ್ಪಿದೆ, ಇಲ್ಲವೇ ಕನ್ನಡಕದಿಂದ ಸರಿಹೋಗದ ಏರುಪೇರು ಕಣ್ಣಿನಲ್ಲಿದೆ. ನಾನು ಮಾಡಬಹುದಾದದ್ದು ಇಷ್ಟೇ. ಪತ್ರ ಬರೆದು ಕಣ್ಣಿನ ಆಸ್ಪತ್ರೆಗೆ ಕಳಿಸಿದೆ.

ಆಸ್ಪತ್ರೆಯಲ್ಲಿ ಏನು ನೋಡುತ್ತಾರೆ?

ಕಣ್ಣಿನ ವೈದ್ಯರು ಮೊದಲು ರೆಟಿನೋಸ್ಕೋಪ್ ಎಂಬ ಉಪಕರಣದಿಂದ ಕಣ್ಣಿನೊಳಗೆ ಬೆಳಕಿನ ಪಟ್ಟಿ ಬಿಟ್ಟು ಆಡಿಸುತ್ತಾರೆ. ಕಾರ್ನಿಯಾ ಶಂಕುವಿನಂತಾಗಿದ್ದರೆ ಹಿಂದಿರುಗುವ ಬೆಳಕು ಕತ್ತರಿಯ ಎರಡು ಅಲಗುಗಳಂತೆ ಕೂಡಿ ಅಗಲುತ್ತದೆ. ಅನುಭವವಿದ್ದವರಿಗೆ ಇದೊಂದರಿಂದಲೇ ಅನುಮಾನ ಬರುತ್ತದೆ. ಮುಂದುವರಿದ ಕಾಯಿಲೆಯಾದರೆ ಸ್ಲಿಟ್ ಲ್ಯಾಂಪ್ ಸೂಕ್ಷ್ಮದರ್ಶಕದಲ್ಲಿ ಕಾರ್ನಿಯಾದ ಆಳದಲ್ಲಿ ನವಿರು ಗೆರೆಗಳು, ಶಂಕುವಿನ ಬುಡದ ಸುತ್ತ ಕಬ್ಬಿಣದ ಅಂಶ ಕೂತ ಕಂದು ಉಂಗುರ, ತುದಿಯಲ್ಲಿ ಕಲೆ ಕಾಣುತ್ತವೆ. ಇನ್ನೂ ಮುಂದುವರಿದಿದ್ದರೆ ರೋಗಿ ಕೆಳಗೆ ನೋಡಿದಾಗ ಕೆಳರೆಪ್ಪೆಯೇ ಇಂಗ್ಲಿಷಿನ ವಿ ಅಕ್ಷರದಂತೆ ಮುಂದಕ್ಕೆ ಚಾಚುತ್ತದೆ. ಅಷ್ಟರವರೆಗೆ ಕಾಯಬಾರದು ಎಂಬುದಕ್ಕೇ ಮುಂದಿನ ಪರೀಕ್ಷೆಗಳಿರುವುದು.

ಇವುಗಳಲ್ಲಿ ಮುಖ್ಯವಾದದ್ದು ಕಾರ್ನಿಯಾದ ನಕ್ಷೆ. ಪೋರ್ಚುಗಲ್ಲಿನ ವೈದ್ಯ ಪ್ಲಾಸಿಡೊ 1880ರ ಸುಮಾರಿಗೆ ಕಪ್ಪು ಬಿಳಿ ಉಂಗುರಗಳ ಒಂದು ತಟ್ಟೆ ಮಾಡಿದ. ಅದನ್ನು ಕಣ್ಣಿನ ಮುಂದೆ ಹಿಡಿದರೆ ಕಾರ್ನಿಯಾದಲ್ಲಿ ಉಂಗುರಗಳ ಬಿಂಬ ಮೂಡುತ್ತದೆ. ಕಾರ್ನಿಯಾ ಸರಿಯಿದ್ದರೆ ಉಂಗುರಗಳು ದುಂಡಗೆ, ಉಬ್ಬಿದ್ದರೆ ಸೊಟ್ಟಗೆ. ಈಗಿನ ಟೊಪೋಗ್ರಫಿ ಯಂತ್ರಗಳಲ್ಲಿ ಬಹಳಷ್ಟು ಇದೇ ತತ್ವದ ಮೇಲೆ ನಡೆಯುತ್ತವೆ. ಲೆಕ್ಕ ಹಾಕುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಇದಕ್ಕಿಂತ ಮುಂದಿನದು ಟೊಮೋಗ್ರಫಿ. ಇದು ಕಾರ್ನಿಯಾದ ಮುಂಭಾಗವನ್ನಲ್ಲದೆ ಹಿಂಭಾಗವನ್ನೂ, ಪ್ರತಿ ಬಿಂದುವಿನ ದಪ್ಪವನ್ನೂ ತೋರಿಸುತ್ತದೆ. ಮುಂಭಾಗ ಇನ್ನೂ ಸರಿಯಿರುವಾಗಲೇ ಹಿಂಭಾಗ ಉಬ್ಬಲು ಶುರುವಾಗಿರುವುದುಂಟು. ಹಾಗಾಗಿ ಕಾಯಿಲೆಯನ್ನು ಬೇಗ ಹಿಡಿಯಲು ಇದು ಹೆಚ್ಚು ಉಪಯುಕ್ತ. ನೋವಿಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ. ಗದ್ದ ಊರಿ ಕೆಲವು ಕ್ಷಣ ಅಲುಗಾಡದೆ ನೋಡಿದರೆ ಮುಗಿಯಿತು.

ನಕ್ಷೆಯಲ್ಲಿ ಬಣ್ಣಗಳಿರುತ್ತವೆ. ಉಬ್ಬಿದ ಜಾಗ ಕೆಂಪು, ಚಪ್ಪಟೆಯಾದ ಜಾಗ ನೀಲಿ. ಕೆಂಪು ಕಂಡ ಕೂಡಲೇ ಕೆಲವರು ಗಾಬರಿಯಾಗುತ್ತಾರೆ. ಒಂದು ಯಂತ್ರದ ಕೆಂಪು ಇನ್ನೊಂದು ಯಂತ್ರದ ಹಳದಿಯಾಗಿರಬಹುದು, ಬಣ್ಣದ ಅಳತೆಪಟ್ಟಿಯನ್ನು ಬದಲಾಯಿಸಿದರೆ ಅದೇ ಕಣ್ಣು ಬೇರೆಯಾಗಿ ಕಾಣುತ್ತದೆ. ಬಣ್ಣ ಬಿಟ್ಟು ಅಂಕಿ ನೋಡಬೇಕು. ಅತಿ ಹೆಚ್ಚು ಬಾಗಿರುವ ಬಿಂದು ಎಷ್ಟು ಡಯಾಪ್ಟರ್, ಅತಿ ತೆಳುವಾದ ಬಿಂದು ಎಷ್ಟು ಮೈಕ್ರಾನ್ ಎಂಬ ಎರಡು ಅಂಕಿಗಳನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಿ.

ಮೈಕ್ರಾನ್ ಎಂದರೆ ಪೀಣ್ಯದ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಆರೋಗ್ಯವಂತರ ಕಾರ್ನಿಯಾದ ನಡುಭಾಗ ಸಾಮಾನ್ಯವಾಗಿ 500ರಿಂದ 550 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ, ಅಂದರೆ ಅರ್ಧ ಮಿಲಿಮೀಟರು, ಅಥವಾ ತುಸು ಹೆಚ್ಚು. ನಮ್ಮ ಹುಡುಗನ ಬಲಗಣ್ಣಿನ ಅತಿ ತೆಳುವಾದ ಬಿಂದು 452, ಎಡಗಣ್ಣಿನದು 491. ಅತಿ ಬಾಗಿದ ಬಿಂದು ಬಲಗಡೆ 54 ಡಯಾಪ್ಟರ್. "ಸಾರ್, ಐವತ್ತು ಮೈಕ್ರಾನ್ ಹೋದ್ರೆ ನಮ್ಮಲ್ಲಿ ಜಾಬೇ ರಿಜೆಕ್ಟು" ಎಂದ. ಅಷ್ಟು ದಿನದಲ್ಲಿ ಆತ ಕಾಯಿಲೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು ಆಗಲೇ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ನಕ್ಷೆ ತೆಗೆಸುವ ಮೊದಲು ಅದನ್ನು ಬಿಟ್ಟಿರಬೇಕು. ಲೆನ್ಸು ಕಾರ್ನಿಯಾವನ್ನು ಒತ್ತಿ ತಾತ್ಕಾಲಿಕವಾಗಿ ಆಕಾರ ಬದಲಾಯಿಸಿರುತ್ತದೆ. ಮೃದು ಲೆನ್ಸಾದರೆ ಒಂದೆರಡು ವಾರ, ಗಡಸು ಲೆನ್ಸಾದರೆ ಇನ್ನೂ ಹೆಚ್ಚು. ಎಷ್ಟು ದಿನವೆಂದು ತಪಾಸಣೆಯ ದಿನ ನಿಗದಿ ಮಾಡುವಾಗಲೇ ಕೇಳಿಕೊಳ್ಳಿ. ಬೆಳಿಗ್ಗೆ ಲೆನ್ಸ್ ತೆಗೆದು ಮಧ್ಯಾಹ್ನ ನಕ್ಷೆ ತೆಗೆಸಿದರೆ ಆ ನಕ್ಷೆಯನ್ನು ನಂಬುವಂತಿಲ್ಲ.

ಒಂದು ನಕ್ಷೆ ಸಾಲದು

ಕಾಯಿಲೆ ಇದೆ ಎಂದು ತಿಳಿದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ಇದು ಈಗ ಮುಂದುವರಿಯುತ್ತಿದೆಯೋ, ನಿಂತಿದೆಯೋ? ಮುಂದುವರಿಯುತ್ತಿದ್ದರೆ ತಡೆಯುವ ಚಿಕಿತ್ಸೆ ಬೇಕು. ನಿಂತಿದ್ದರೆ ಬರೀ ನೋಟ ಸರಿಪಡಿಸಿದರೆ ಸಾಕು. ಮೂವತ್ತೆಂಟರ ವಯಸ್ಸಿನಲ್ಲಿ ಮೊದಲ ಬಾರಿ ಪತ್ತೆಯಾದವರಿಗೆ ಏನೂ ಮಾಡದೆ ಬರೀ ಗಮನಿಸುತ್ತಾ ಹೋಗುವುದೇ ಸರಿಯಾಗಬಹುದು. ಹದಿನಾಲ್ಕರ ಹುಡುಗನಿಗೆ ಅದೇ ನಕ್ಷೆ ಬಂದರೆ ಕಾಯುವುದೇ ಅಪಾಯ. ಮಕ್ಕಳಲ್ಲಿ ಇದು ಬಹಳ ಬೇಗ ಏರುತ್ತದೆ.

ಇದನ್ನು ತಿಳಿಯಲು ಅದೇ ನಕ್ಷೆಯನ್ನು ಮತ್ತೆ ತೆಗೆದು ಹೋಲಿಸಬೇಕು. ದೊಡ್ಡವರಿಗೆ ಸುಮಾರು ಆರು ತಿಂಗಳಿಗೆ, ಹದಿಹರೆಯದವರಿಗೆ ಮೂರು ತಿಂಗಳಿಗೆ ಎಂಬುದು ಸಾಮಾನ್ಯ ಪದ್ಧತಿ. ಆದರೆ ಎರಡು ನಕ್ಷೆಗಳ ನಡುವೆ ವ್ಯತ್ಯಾಸ ಬಂದಿತೆಂದ ಮಾತ್ರಕ್ಕೆ ಕಾಯಿಲೆ ಹೆಚ್ಚಾಯಿತೆನ್ನಲು ಬರುವುದಿಲ್ಲ. ಒಂದೇ ಜಾಬನ್ನು ಒಂದೇ ಮೈಕ್ರೋಮೀಟರಿನಲ್ಲಿ ಮೂರು ಸಲ ಅಳೆದರೂ ಮೂರು ಸಲ ಒಂದೇ ಅಂಕಿ ಬರುತ್ತದೆಯೆ? ಕೈ ಸ್ವಲ್ಪ ಬಿಗಿಯಾದರೆ, ಜಾಬು ಬಿಸಿಯಿದ್ದರೆ ಅಂಕಿ ಹೊರಳುತ್ತದೆ. ಕಣ್ಣಿನಲ್ಲೂ ಹಾಗೆಯೇ. ಕಣ್ಣು ಒಣಗಿದ್ದರೆ, ರೆಪ್ಪೆ ಪೂರ್ತಿ ತೆರೆಯದಿದ್ದರೆ, ರೋಗಿ ಅಲುಗಾಡಿದರೆ ಅಂಕಿ ಬದಲಾಗುತ್ತದೆ. ಶಂಕು ಚೂಪಾದಷ್ಟೂ ಈ ಹೊರಳಾಟ ಹೆಚ್ಚು. ಅದಕ್ಕೇ ಅನುಭವಿ ವೈದ್ಯರು ಒಂದೇ ದಿನ ಎರಡು ಮೂರು ಸಲ ನಕ್ಷೆ ತೆಗೆಸುವುದುಂಟು. ದುಡ್ಡಿಗಾಗಿ ಮಾಡುತ್ತಿದ್ದಾರೆಂದು ತಿಳಿಯಬೇಡಿ.

ಜಗತ್ತಿನ ನಾಲ್ಕು ಕಾರ್ನಿಯಾ ತಜ್ಞರ ಸಂಘಗಳು ಸೇರಿ 2015ರಲ್ಲಿ ಈ ಬಗ್ಗೆ ಒಂದು ಒಮ್ಮತಕ್ಕೆ ಬಂದವು. ಮುಂಭಾಗದ ಬಾಗು ಹೆಚ್ಚುವುದು, ಹಿಂಭಾಗದ ಬಾಗು ಹೆಚ್ಚುವುದು, ದಪ್ಪ ಕಡಿಮೆಯಾಗುವುದು, ಈ ಮೂರರಲ್ಲಿ ಕನಿಷ್ಠ ಎರಡು ಬದಲಾಗಿರಬೇಕು, ಮತ್ತು ಆ ಬದಲಾವಣೆ ಯಂತ್ರದ ಸಹಜ ಹೊರಳಾಟವನ್ನು ಮೀರಿರಬೇಕು. ಆಗ ಕಾಯಿಲೆ ಮುಂದುವರಿದಿದೆ ಎನ್ನಬಹುದು. ಅತಿ ಬಾಗಿದ ಬಿಂದು ಒಂದು ವರ್ಷದಲ್ಲಿ ಒಂದು ಡಯಾಪ್ಟರ್ ಏರಿದರೆ ಹುಷಾರಾಗಬೇಕೆಂಬ ಲೆಕ್ಕವೂ ಬಹಳ ಕಡೆ ರೂಢಿಯಲ್ಲಿದೆ. ಚಿಕಿತ್ಸೆ ಬೇಕೋ ಬೇಡವೋ ಎಂಬ ತೀರ್ಮಾನ ಇಷ್ಟು ಸಣ್ಣ ಅಂಕಿಗಳ ಮೇಲೆ ನಿಂತಿದೆ.

ಆದ್ದರಿಂದ ಒಂದು ಆಸ್ಪತ್ರೆಯಲ್ಲಿ ಒಂದು ನಕ್ಷೆ, ಆರು ತಿಂಗಳ ನಂತರ ಇನ್ನೊಂದು ಆಸ್ಪತ್ರೆಯಲ್ಲಿ ಬೇರೆ ಕಂಪನಿಯ ಯಂತ್ರದಲ್ಲಿ ಮತ್ತೊಂದು ನಕ್ಷೆ ತೆಗೆಸಿದರೆ ಹೋಲಿಸಲು ಬರುವುದಿಲ್ಲ. ಈ ಬಡಾವಣೆಗಳಲ್ಲಿ ಜನ ನಿಲ್ಲುವುದಿಲ್ಲ. ಇಂದು ಪೀಣ್ಯ, ನಾಳೆ ಬೊಮ್ಮಸಂದ್ರ, ಆಮೇಲೆ ಹೊಸೂರು. ಕಂಪನಿ ಬದಲಾದರೆ ವಿಮೆ ಬದಲಾಗುತ್ತದೆ, ವಿಮೆ ಬದಲಾದರೆ ಆಸ್ಪತ್ರೆ ಬದಲಾಗುತ್ತದೆ. ಸಾಧ್ಯವಾದಷ್ಟೂ ಒಂದೇ ಕಡೆ, ಒಂದೇ ಯಂತ್ರದಲ್ಲಿ ತೆಗೆಸಿ. ಬದಲಾಯಿಸಲೇಬೇಕಾದರೆ ಹಳೆಯ ನಕ್ಷೆಗಳ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ದಿನಾಂಕ ಮತ್ತು ಯಂತ್ರದ ಹೆಸರು ಇದೆಯೇ ನೋಡಿ. ಕನ್ನಡಕದ ಚೀಟಿಗಳನ್ನೂ ಎಸೆಯಬೇಡಿ.

ತಡೆಯುವ ಚಿಕಿತ್ಸೆ, ನೋಡುವ ಚಿಕಿತ್ಸೆ

ಇವೆರಡನ್ನೂ ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳದಿದ್ದರೆ ಆಮೇಲೆ ನಿರಾಶೆಯಾಗುತ್ತದೆ. ತಡೆಯುವ ಚಿಕಿತ್ಸೆಯ ಹೆಸರು ಕ್ರಾಸ್ ಲಿಂಕಿಂಗ್. ಜರ್ಮನಿಯ ಡ್ರೆಸ್ಡೆನ್ ನಗರದ ತಜ್ಞರು ಮನುಷ್ಯರ ಮೇಲೆ ಇದನ್ನು ಮಾಡಿದ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ನಿಯಾದ ಮೇಲ್ಪದರವನ್ನು ತೆಗೆದು, ರೈಬೋಫ್ಲೇವಿನ್ ಅಂದರೆ ಬಿ2 ಜೀವಸತ್ವದ ದ್ರಾವಣವನ್ನು ಹನಿ ಹನಿಯಾಗಿ ಹಾಕಿ ನೆನೆಸಿ, ನಂತರ ನೇರಳಾತೀತ ಕಿರಣ ಬಿಡುತ್ತಾರೆ. ಮೂಲ ವಿಧಾನದಲ್ಲಿ ಕಿರಣಕ್ಕೆ 30 ನಿಮಿಷ. ಸಡಿಲವಾದ ನಾರುಗಳ ನಡುವೆ ಹೊಸ ಬೆಸುಗೆ ಬಿದ್ದು ಕಾರ್ನಿಯಾ ಗಟ್ಟಿಯಾಗುತ್ತದೆ. ಬಿ2 ಮಾತ್ರೆ ನುಂಗಿದರೆ ಆಗುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಆಗುವುದಿಲ್ಲ.

ಕಿರಣ ಒಳಗಿನ ಭಾಗಗಳಿಗೆ ತಾಗದಂತೆ ಮೇಲ್ಪದರ ತೆಗೆದ ಮೇಲೂ ಕಾರ್ನಿಯಾ ಸುಮಾರು 400 ಮೈಕ್ರಾನ್ ಇರಬೇಕೆಂಬುದು ಮೂಲ ನಿಯಮ. ಅದಕ್ಕಿಂತ ತೆಳುವಿದ್ದವರಿಗೆ ಈಗ ಬೇರೆ ವಿಧಾನಗಳಿವೆಯಾದರೂ ಬೇಗ ಬಂದವರಿಗೆ ದಾರಿ ಸುಲಭ. ಎರಡು ಮೂರು ದಿನ ನೋವು, ನೀರು ಸುರಿಯುವುದು ಇರುತ್ತದೆ. ಕೆಲವು ವಾರ ಮಂಜು ಮಂಜಾಗಿ ಕಾಣಬಹುದು. ಸೋಂಕಿನ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ದೂಳಿನ ಕೆಲಸದವರು ವಾಸಿಯಾಗುವವರೆಗೆ ರಜೆ ಹಾಕಲೇಬೇಕು. ಬಹುಪಾಲು ಜನರಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ. ಕನ್ನಡಕ ಮಾತ್ರ ಹೋಗುವುದಿಲ್ಲ. "ಆಪರೇಷನ್ ಮಾಡಿಸಿದೆವು, ಆದರೂ ಕನ್ನಡಕ ಬಂತು" ಎಂದು ಬೇಸರಪಡುವವರಿಗೆ ಇದನ್ನು ಮೊದಲೇ ಯಾರೂ ಬಿಡಿಸಿ ಹೇಳಿರುವುದಿಲ್ಲ.

ನೋಟಕ್ಕೆ ಮೊದಲು ಕನ್ನಡಕ. ಅದು ಸಾಲದಿದ್ದರೆ ಗಾಳಿಯಾಡುವ ಗಡಸು ಕಾಂಟ್ಯಾಕ್ಟ್ ಲೆನ್ಸ್, ಅಥವಾ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್. ಸೊಟ್ಟಗಾದ ಕಾರ್ನಿಯಾದ ಮುಂದೆ ದುಂಡಗಿನ ಹೊಸ ಮೇಲ್ಮೈಯೊಂದನ್ನು ಇವು ಒದಗಿಸುತ್ತವೆ. ಕನ್ನಡಕದಲ್ಲಿ ಓದಲಾಗದವರು ಇವುಗಳಿಂದ ಸರಾಗವಾಗಿ ಓದುವುದನ್ನು ನೋಡಿದ್ದೇನೆ. ಲೆನ್ಸಿನ ಮೇಲೆ ಸುರಕ್ಷಾ ಕನ್ನಡಕವಿಲ್ಲದೆ ಲೇತ್ ಮುಂದೆ, ಗ್ರೈಂಡರ್ ಮುಂದೆ ನಿಲ್ಲಬೇಡಿ. ಕೂಲೆಂಟ್ ಎಣ್ಣೆ ಮುಟ್ಟಿದ ಕೈಯಿಂದ ಲೆನ್ಸ್ ಮುಟ್ಟಬೇಡಿ.

ಲೇಸಿಕ್ ಬೇಡವೆಂದರೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಹುಡುಗ ಹುಡುಗಿಯರಲ್ಲಿ ಈ ಕಾಯಿಲೆ ಪತ್ತೆಯಾಗುವ ದಾರಿಯೇ ಬೇರೆ. ಮದುವೆ ಮಾತುಕತೆ ಶುರುವಾಗುತ್ತದೆ, ಅದಕ್ಕೆ ಮೊದಲು ಕನ್ನಡಕ ತೆಗೆಸಿಬಿಡೋಣವೆಂದು ಲೇಸಿಕ್‌ಗೆ ಹೋಗುತ್ತಾರೆ. ತಪಾಸಣೆಯಲ್ಲಿ ಕಾರ್ನಿಯಾ ಸರಿಯಿಲ್ಲ, ಲೇಸರ್ ಮಾಡಲಾಗದು ಎನ್ನುತ್ತಾರೆ. ಮನೆಯವರಿಗೆ ಇದು ಅವಮಾನವಾದಂತೆ. ಇನ್ನೊಂದು ಕಡೆ, ಮತ್ತೊಂದು ಕಡೆ, ಮಾಡಿಕೊಡುವವರು ಸಿಗುವವರೆಗೆ ಹುಡುಕುತ್ತಾರೆ. ಲೇಸಿಕ್ ಎಂದರೆ ಕಾರ್ನಿಯಾವನ್ನು ಲೇಸರಿನಿಂದ ಕೆತ್ತಿ ಇನ್ನಷ್ಟು ತೆಳುವು ಮಾಡುವುದು. ಮೊದಲೇ ದುರ್ಬಲವಾದ ಕಾರ್ನಿಯಾವನ್ನು ಕೆತ್ತಿದರೆ ಅದು ಉಬ್ಬತೊಡಗುತ್ತದೆ, ಇದ್ದ ನೋಟವೂ ಹೋಗುತ್ತದೆ. ಬೇಡವೆಂದು ಹೇಳಿದ ವೈದ್ಯರು ನಿಮ್ಮ ಕಣ್ಣುಳಿಸಿದ್ದಾರೆ. ಆ ವರದಿಯನ್ನು ಹಿಡಿದುಕೊಂಡು ಕಾರ್ನಿಯಾ ತಜ್ಞರನ್ನು ಕಾಣಿ.

ಹುಡುಗಿಗೆ ಕೆರಟೋಕೋನಸ್ ಇದೆಯೆಂದು ಬೀಗರಿಂದ ಮುಚ್ಚಿಟ್ಟು, ತಪಾಸಣೆಗೆ ಕಳಿಸದೆ ಎರಡು ವರ್ಷ ಕಳೆದ ಕುಟುಂಬವನ್ನು ನಾನು ಬಲ್ಲೆ. ಆ ಎರಡು ವರ್ಷದಲ್ಲಿ ಕಳೆದದ್ದು ವಾಪಸು ಬರುವುದಿಲ್ಲ. ಇದು ಅಂಟುರೋಗವಲ್ಲ, ಮದುವೆಗೆ ಅಡ್ಡಿಯಿಲ್ಲ. ಗರ್ಭಿಣಿಯರಲ್ಲಿ ಕೆಲವೊಮ್ಮೆ ಕಾಯಿಲೆ ಮುಂದುವರಿಯುವುದುಂಟು. ಆಗ ತಪಾಸಣೆ ತಪ್ಪಿಸಬಾರದು, ಅಷ್ಟೆ.

ಕೊನೆಯ ಹಂತದಲ್ಲಿ

ಕಾರ್ನಿಯಾ ಬಹಳ ತೆಳುವಾದಾಗ ಒಳಪದರ ಬಿರಿದು ನೀರು ತುಂಬಿಕೊಳ್ಳಬಹುದು. ಇದ್ದಕ್ಕಿದ್ದಂತೆ ನೋವು, ನೀರು, ಕರಿಗುಡ್ಡೆಯ ಮೇಲೆ ಬಿಳಿಚು. ಹೀಗಾದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ಲೆನ್ಸ್ ಕೂರದಿದ್ದರೆ, ಕಲೆ ಗಾಢವಾಗಿದ್ದರೆ ಕಾರ್ನಿಯಾ ಕಸಿ ಬೇಕಾಗುತ್ತದೆ. ಕೆರಟೋಕೋನಸ್‌ನಲ್ಲಿ ಕಾರ್ನಿಯಾದ ಒಳಪದರ ಸಾಮಾನ್ಯವಾಗಿ ಚೆನ್ನಾಗಿರುವುದರಿಂದ ಅದನ್ನು ಉಳಿಸಿಕೊಂಡು ಮುಂಭಾಗದ ಪದರಗಳನ್ನಷ್ಟೇ ಬದಲಾಯಿಸುವ ಶಸ್ತ್ರಚಿಕಿತ್ಸೆ ಈಗ ಸಾಧ್ಯ. ರೋಗಿಯ ದೇಹ ಕಸಿಯನ್ನು ತಿರಸ್ಕರಿಸುವ ಭಯ ಇದರಲ್ಲಿ ಕಡಿಮೆ.

ಕನ್ನಡಿಗರಿಗೆ ಇದನ್ನು ವಿವರಿಸಲು ಒಂದು ಉದಾಹರಣೆ ಸಾಕು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ಕುಟುಂಬದವರು ದಾನ ಮಾಡಿದರು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ರಾಜಾಜಿನಗರದ ನಾರಾಯಣ ನೇತ್ರಾಲಯದ ವೈದ್ಯರು ಮುಂಪದರ, ಹಿಂಪದರ ಎಂದು ಬೇರ್ಪಡಿಸಿದರು. ಮುಂಭಾಗದ ಕಾಯಿಲೆಯಿದ್ದ ಇಬ್ಬರಿಗೆ ಮುಂಪದರ, ಒಳಭಾಗದ ಕಾಯಿಲೆಯಿದ್ದ ಇಬ್ಬರಿಗೆ ಹಿಂಪದರ ಕಸಿ ಮಾಡಿದ್ದರಿಂದ ಇಬ್ಬರ ಬದಲು ನಾಲ್ವರಿಗೆ ಉಪಯೋಗವಾಯಿತು. ಆಗ ಎಷ್ಟೋ ಮನೆಯವರು ನೇತ್ರದಾನದ ಫಾರಂ ತುಂಬಿದರು. ಮರಣದ ನಂತರ ಆರು ಗಂಟೆಯೊಳಗೆ ನೇತ್ರಬ್ಯಾಂಕಿಗೆ ಫೋನ್ ಮಾಡದಿದ್ದರೆ ಆ ಫಾರಂನಿಂದ ಪ್ರಯೋಜನವಿಲ್ಲ. ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು ಕಾಯಬೇಕು.

ಖರ್ಚಿನ ಚಿಂತೆಯಿರುವವರಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಯ ಮಿಂಟೋ ಕಣ್ಣಾಸ್ಪತ್ರೆ ಸರ್ಕಾರದ್ದು, 1896ರಿಂದ ನಡೆಯುತ್ತಿದೆ. ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿಯವರಿಗೆ ಹಸಿರು ಮಾರ್ಗದ ಮೆಟ್ರೋದಲ್ಲಿ ಕೂತರೆ ನೇರ ಮಾರುಕಟ್ಟೆಗೇ ಇಳಿಸುತ್ತದೆ. ಇಎಸ್‌ಐ ಕಾರ್ಡಿರುವವರು ತಮ್ಮ ಡಿಸ್ಪೆನ್ಸರಿಯಿಂದ ಪತ್ರ ಪಡೆದು ಮುಂದಿನ ಆಸ್ಪತ್ರೆಗೆ ಹೋಗಬೇಕು. ಪತ್ರವಿಲ್ಲದೆ ಹೋಗಿ ವಾಪಸು ಬರುವವರು ಬಹಳ.

ಆ ಹುಡುಗನ ಬಲಗಣ್ಣಿಗೆ ಕ್ರಾಸ್ ಲಿಂಕಿಂಗ್ ಆಯಿತು. ಎಡಗಣ್ಣನ್ನು ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ, ಸದ್ಯಕ್ಕೆ ಬದಲಾವಣೆಯಿಲ್ಲ. ಬಲಗಣ್ಣಿಗೆ ಗಡಸು ಲೆನ್ಸ್ ಹಾಕಿಕೊಂಡು, ಮೇಲೆ ಸುರಕ್ಷಾ ಕನ್ನಡಕ ಧರಿಸಿ ಅದೇ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಅಲರ್ಜಿಗೆ ಸ್ಟೀರಾಯ್ಡ್ ಇಲ್ಲದ ಹನಿ, ತುರಿಕೆ ಬಂದಾಗ ತಣ್ಣೀರು ಬಟ್ಟೆ. ಅವನ ತಾಯಿ ಈಗ ನಕ್ಷೆಗಳನ್ನೂ ಕನ್ನಡಕದ ಚೀಟಿಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದಿನಾಂಕದ ಪ್ರಕಾರ ಜೋಡಿಸಿಟ್ಟುಕೊಂಡಿದ್ದಾರೆ. ಹೋದ ತಿಂಗಳು ಪಿಯುಸಿ ಓದುತ್ತಿರುವ ಕಿರಿಮಗನನ್ನೂ ಕರೆತಂದರು. ಅವನೂ ಕಣ್ಣುಜ್ಜುತ್ತಾನೆ. ಅವನ ನಕ್ಷೆಯನ್ನೂ ತೆಗೆಸಿದ್ದಾಯಿತು. ಒಂದು ಕಣ್ಣಿನ ಹಿಂಭಾಗದಲ್ಲಿ ಸ್ವಲ್ಪ ಅನುಮಾನವಿದೆ, ಮೂರು ತಿಂಗಳು ಬಿಟ್ಟು ಅದೇ ಯಂತ್ರದಲ್ಲಿ ಮತ್ತೆ ನೋಡೋಣ ಎಂದಿದ್ದಾರೆ. ದಸರಾ ರಜೆಯಲ್ಲಿ ದಿನ ಗೊತ್ತುಮಾಡಿದ್ದಾರೆ.